ಒಲೆಯಾಚೆಯ ನಡುಗಡ್ಡೆ

‘ನೋಡಿ ನೋಡಿ ಸಾಕಾಗೈತಿ ಬಿಡವಾ ನನಗ.’

ಬೆಳಿಗ್ಗೆ ತನ್ನ ಬಾಯಿಂದಲೇ ಬಿದ್ದ ಈ ಮಾತು ಉಳ್ಳಾಗಡ್ಡಿ ಹೆಚ್ಚಲು ಕುಳಿತಾಗಲೂ ಹುಚ್ಚವ್ವನನ್ನು ಬಿಟ್ಟಿರಲಿಲ್ಲ. ಬಾರೆಹಣ್ಣಿನ ಬೀಜ ನುಂಗಿದವರ ಹಾಗೆ ಆಗಾಗ ಉಗುಳು ನುಂಗಿ ನೋಡುತ್ತಿದ್ದಳು, ಅದು ಇಳಿಯುತ್ತಿರಲಿಲ್ಲ. ಕರೆದವಳು ಪಾಪ, ಸುಶ್ಮಿತಾ, ಮುಂಡರಗಿಯ ಸುಮಿತ್ರವ್ವನ ಹೊಸ ಸೊಸೆ. ಉಪ್ಪಿಟ್ಟು ತಿಂದ ತಟ್ಟೆಯನ್ನು ತಾನೇ ತೊಳೆದು ತಂದಿಟ್ಟು, ‘ಹುಚ್ಚವ್ವಾರ, ನೀವೂ ಬರ್ರಿ, ಎಲ್ಲಾರೂ ಕೂಡಿ ನೋಡೂಣು’ ಎಂದಿದ್ದಳು. ಪುಂಡಲೀಕಪ್ಪನ ಟ್ರಿಪ್ಪಿನ ಬಸ್ಸಿನಲ್ಲಿ ಅಡುಗೆಯವಳಾಗಿ ಇಷ್ಟು ವರ್ಷ ಬಂದರೂ ಒಬ್ಬರೂ ಆಡದ ಮಾತು ಅದು. ಕೇಳಿದ ಗಳಿಗೆಯಲ್ಲಿ ಹುಚ್ಚವ್ವನ ಕೈ ತಾನಾಗಿಯೇ ಸೆರಗಿಗೆ ಒರೆಸಿಕೊಳ್ಳಲು ಹೋಗಿತ್ತು, ಕಾಲು ಚಪ್ಪಲಿ ಹುಡುಕಿತ್ತು. ಅಷ್ಟರಲ್ಲಿ ಸುಮಿತ್ರವ್ವ ನಡುವೆ ಬಾಯಿ ಹಾಕಿ, ‘ಆಕಿಗ್ಯಾಕ ಹೇಳ್ತೀಯವಾ? ಆಕಿ ವರ್ಷಾ ಬರಾಕಿ. ಇಲ್ಲೀ ಕಲ್ಲು ಕಲ್ಲೂ ಆಕಿಗೆ ಗೊತ್ತೈತಿ’ ಎಂದು ನಕ್ಕಳು. ಶಿರಹಟ್ಟಿಯಿಂದ ಹತ್ತಿದವರು ನಕ್ಕರು, ಲಕ್ಷ್ಮೇಶ್ವರದಿಂದ ಹತ್ತಿದವರು ನಕ್ಕರು. ಹತ್ತು ಜನ ನಗುವಲ್ಲಿ ಒಬ್ಬಳು ಮುಖ ಗಂಟು ಹಾಕಿಕೊಂಡು ನಿಲ್ಲುವುದು ಹೇಗೆ? ಹುಚ್ಚವ್ವನೂ ನಕ್ಕಳು. ನಕ್ಕವಳು ಸುಮ್ಮನಿರಬಾರದಿತ್ತೇ? ನೋಡಿ ನೋಡಿ ಸಾಕಾಗೈತಿ, ಅಂದಳು. ಎಲ್ಲರೂ ಪುಂಡಲೀಕಪ್ಪನ ಹಿಂದೆ ಆಟೋಗಳನ್ನು ಹತ್ತಿ ಹೋದರು. ಸುಶ್ಮಿತಾ ಒಮ್ಮೆ ತಿರುಗಿ ನೋಡಿ ಕೈಬೀಸಿದಳು, ಹುಚ್ಚವ್ವ ಸೌಟು ಹಿಡಿದ ಕೈಯನ್ನೇ ಎತ್ತಿದಳು.

ಈಗ ನದಿಯ ದಂಡೆಯ ಹುಣಸೆ ಮರದ ಕೆಳಗೆ ಅವಳೊಬ್ಬಳೇ. ಎದುರಿಗೆ ಗ್ಯಾಸಿನ ದೊಡ್ಡ ಒಲೆ, ಅದರ ಮೇಲೆ ನೀರಿನ ಡಬರಿ, ಬುಟ್ಟಿಯಲ್ಲಿ ಬದನೆಕಾಯಿ, ತೊಳೆದಿಟ್ಟ ಅಕ್ಕಿ. ಹಿಂದೆ ಬಸ್ಸು, ಬಸ್ಸಿನ ನೆರಳಲ್ಲಿ ಚಾಪೆ ಹಾಸಿ ಮಲಗಿದ ಡ್ರೈವರ್ ಮಾಶಾಕ. ರಾತ್ರಿಯಿಡೀ ಗದಗಿನಿಂದ ಶ್ರೀರಂಗಪಟ್ಟಣದವರೆಗೆ ಗಾಡಿ ಹೊಡೆದವನು ಹಗಲು ನಿದ್ದೆ ಮಾಡಲೇಬೇಕು, ಇಲ್ಲದಿದ್ದರೆ ಸಂಜೆ ಮೈಸೂರಿಗೆ, ನಾಳೆ ಇನ್ನೆಲ್ಲಿಗೋ ಯಾರು ಹೊಡೆಯಬೇಕು? ಕಾವೇರಿ ಎರಡಾಗಿ ಊರನ್ನೇ ಬಳಸಿಕೊಂಡು ಬಂದು ಇಲ್ಲಿ ಮತ್ತೆ ಒಂದಾಗುತ್ತಾಳೆ, ಇದು ಸಂಗಮ, ನಾವು ನಿಂತಿರುವುದು ನಡುಗಡ್ಡೆ ಎಂದು ಪುಂಡಲೀಕಪ್ಪ ಪ್ರತಿ ಸಲ ಬಸ್ಸಿನಿಂದ ಇಳಿಯುವ ಮೊದಲು ಹೇಳುತ್ತಾನೆ. ಹುಚ್ಚವ್ವ ಆಗ ಹಿಂದಿನ ಸೀಟಿನಲ್ಲಿ ಪಾತ್ರೆಗಳ ಚೀಲ ಬಿಚ್ಚುತ್ತಿರುತ್ತಾಳೆ. ಅವಳಿಗೆ ಈ ನಡುಗಡ್ಡೆಯೆಂದರೆ ಈ ಹುಣಸೆ ಮರ, ಆಚೆಯ ನಳ, ಹೊಗೆ ಹಿಡಿದ ಒಂದು ತುಂಡು ಗೋಡೆ, ಕದ್ದು ತಿನ್ನಲು ಬರುವ ಮಂಗಗಳು. ಇಲ್ಲಿಯ ನೀರಿಗೆ ಬೇಳೆ ಬೇಗ ಬೇಯುತ್ತದೆ, ಗದಗಿನ ಬೋರಿನ ನೀರಿನ ಹಾಗೆ ಸತಾಯಿಸುವುದಿಲ್ಲ. ಶ್ರೀರಂಗಪಟ್ಟಣದ ಬಗ್ಗೆ ಅವಳು ಆಣೆ ಮಾಡಿ ಹೇಳಬಲ್ಲ ಸಂಗತಿ ಇದೊಂದೇ.

ಹಾಗೆಂದು ಅವಳಿಗೆ ಏನೂ ಗೊತ್ತಿಲ್ಲವೆಂದಲ್ಲ. ವಾಪಸು ಹೋಗುವಾಗ ಬಸ್ಸು ತುಂಬ ಅದೇ ಮಾತು ತಾನೆ. ದೇವರು ಮಲಗಿದಾನಲೇ, ಎಷ್ಟು ಉದ್ದ ಅಂತಿ, ನಮ್ಮ ಮಗ್ಗದ ಮನೆಯಷ್ಟು ಎಂದು ಬೆಟಗೇರಿಯವನೊಬ್ಬ; ಅಷ್ಟೇನಿಲ್ಲ ಬಿಡು ಎಂದು ಕಳಸಾಪುರದವನೊಬ್ಬ. ಅರಮನೆಯ ಗೋಡೆಯ ಮೇಲೆಲ್ಲ ಕುದುರೆ, ಆನೆ, ಪೌಜು. ಸುಲ್ತಾನರ ಗೋರಿಯ ಗುಂಬಜಿನ ಒಳಗೋಡೆಗೆ ಹುಲಿಯ ಪಟ್ಟೆ. ಹಿಂದಿನ ಸೀಟಿನಲ್ಲಿ ಡಬರಿಯ ಮೇಲೆ ಕೈಯೂರಿ ಕುಳಿತು, ತೂಕಡಿಸುತ್ತ, ಕೇಳಿದ ಮಾತುಗಳಿಂದಲೇ ಅವಳು ತನ್ನದೊಂದು ನಡುಗಡ್ಡೆ ಕಟ್ಟಿಕೊಂಡಿದ್ದಳು. ಅದರಲ್ಲಿ ದೇವರು ಒಂದು ವರ್ಷ ಉದ್ದವಾಗುತ್ತಿದ್ದ, ಇನ್ನೊಂದು ವರ್ಷ ಗಿಡ್ಡವಾಗುತ್ತಿದ್ದ. ಗುಂಬಜಂತೂ ಆಕಾಶಕ್ಕೆ ತಾಗುತ್ತಿತ್ತು. ತನ್ನೂರು ಬೆಟಗೇರಿಗೆ ಹೋದ ಮೇಲೆ, ಮಗ್ಗದ ಗುಂಡಿಗಿಳಿದು ನೇಯುವ ಗಂಡ ದೇವಪ್ಪ ಚಹಾದಂಗಡಿಯ ಕಟ್ಟೆಯ ಮೇಲೆ ಕುಳಿತು, ‘ನಾ ಮಗ್ಗದ ಕುಣೀ ಬಿಟ್ಟು ಎಲ್ಲಿಗೂ ಹೋಗಲಿಲ್ಲಪಾ, ನನ್ನ ಹೇಣ್ತಿ ದೇಶಾನ ನೋಡ್ಯಾಳ’ ಎಂದು ಎದೆಯುಬ್ಬಿಸಿ ಹೇಳುತ್ತಾನೆ. ಓಣಿಯ ಹೆಂಗಸರು ಬಂದು ಕುಂಕುಮ ಪ್ರಸಾದ ಇಸಿದುಕೊಳ್ಳುತ್ತಾರೆ. ಸಣ್ಣ ವಯಸ್ಸಿನವರು ಕ್ಷೇತ್ರ ಮಾಡಿ ಬಂದವಳೆಂದು ಕಾಲಿಗೂ ಬೀಳುತ್ತಾರೆ. ಬಿದ್ದವರ ತಲೆಯ ಮೇಲೆ ಕೈ ಇಡುವಾಗ ಅಂಗೈ ಬೆವರುತ್ತದೆ. ಬೇಡವೆನ್ನಲು ಬಾಯಿ ಬರುವುದಿಲ್ಲ. ಈ ಬಾಯಿಯೇ ಹೀಗೆ, ಬೇಕಾದಾಗ ಬರುವುದಿಲ್ಲ, ಬೇಡವಾದಾಗ ಬೆಳಗಿನ ಹಾಗೆ ತಾನೇ ಮುಂದಾಗಿ ಬರುತ್ತದೆ. ಹುಚ್ಚವ್ವ ಹೆಚ್ಚಿದ ಉಳ್ಳಾಗಡ್ಡಿಯನ್ನು ಬುಟ್ಟಿಗೆ ಸುರಿದು ಇನ್ನೊಂದನ್ನು ಎತ್ತಿಕೊಂಡಳು.

ಅವಳಿಗಿಂತ ಮೊದಲು ಹುಟ್ಟಿದವು ಉಳಿಯಲಿಲ್ಲವೆಂದು, ಯಾರ ಕಣ್ಣೂ ಬೀಳಬಾರದೆಂದು ಅವ್ವ ಇಟ್ಟ ಹೆಸರು ಹುಚ್ಚವ್ವ. ಹೆಸರು ತನ್ನ ಕೆಲಸ ಚೆನ್ನಾಗಿಯೇ ಮಾಡಿತು. ಯಾರ ಕಣ್ಣೂ ಬೀಳಲಿಲ್ಲ. ಅವಳು ಸಣ್ಣವಳಿದ್ದಾಗ ಒಮ್ಮೆ ತವರೂರು ಬೆಳ್ಳಟ್ಟಿಯಿಂದ ಗಾಡಿ ಕಟ್ಟಿಕೊಂಡು ಅಪ್ಪ, ಅವ್ವ, ಚಿಗವ್ವ, ಅವಳ ಬೆನ್ನಿಗೆ ಹುಟ್ಟಿದ ಮೂವರು, ಎಲ್ಲರೂ ಶಿರಹಟ್ಟಿಯ ಮಠಕ್ಕೆ ಹರಕೆ ತೀರಿಸಲು ಹೋಗಿದ್ದರು. ಮಠದ ಬಾಗಿಲು ಎಷ್ಟು ಎತ್ತರವಿತ್ತೆಂದರೆ ಗಾಡಿಯ ಮೇಲೆ ನಿಂತರೂ ಅದರ ತುದಿ ಕಾಣುತ್ತಿರಲಿಲ್ಲ. ಹಸಿರು ಬಟ್ಟೆ ಸುತ್ತಿಕೊಂಡವರೂ ಒಳಗೆ ಹೋಗುತ್ತಿದ್ದರು, ಕಾವಿ ಉಟ್ಟವರೂ ಹೋಗುತ್ತಿದ್ದರು. ಇಳಿಯಲು ಅವಳು ಒಂದು ಕಾಲು ಕೆಳಗಿಟ್ಟದ್ದೂ ನಿಜ. ಅಪ್ಪ ಅವಳ ನೆತ್ತಿಯ ಮೇಲೆ ಕೈಯಿಟ್ಟು, ‘ನೀ ಶ್ಯಾಣ್ಯಾಕಿ ಅದೀ ಹೌದಿಲ್ಲೋ? ಬುತ್ತಿ ಗಂಟು ನೋಡಿಕೊಂತ ಇಲ್ಲೇ ಕುಂಡ್ರು’ ಎಂದ. ಶ್ಯಾಣ್ಯಾಕಿ, ಜಾಣೆ. ಆ ಒಂದು ಮಾತಿಗೆ ಕಾಲು ಹಿಂದಕ್ಕೆ ಬಂತು. ಬಿಸಿಲೇರುವವರೆಗೆ ಬುತ್ತಿ ಗಂಟಿನ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದಳು, ಒಂದು ನಾಯಿಯನ್ನೂ ಹತ್ತಿರ ಬಿಡಲಿಲ್ಲ. ಹಿಂತಿರುಗಿದವರು ಬಾಯಿ ತುಂಬ ಒಳಗಿನ ಮಾತು ತುಂಬಿಕೊಂಡು ಬಂದರು. ರೊಟ್ಟಿ ತಿನ್ನುತ್ತ ಅದನ್ನೇ ಆಡಿದರು. ಅವ್ವ ಅವಳಿಗೆ ಒಂದು ಚಿಟಿಕೆ ಹೆಚ್ಚಿಗೆ ಬೆಲ್ಲ ಕೊಟ್ಟಳು. ಹೊಗಳಿಕೆಗೆ ಕಟ್ಟಿಹಾಕಿದ ಎತ್ತು ಹಗ್ಗ ಹರಿಯುವುದಿಲ್ಲ. ಮುಂದೆ ಲಕ್ಷ್ಮೇಶ್ವರದಲ್ಲಿ ತಂಗಿಯ ಮದುವೆಯಾದಾಗ ಬೀಗರೆಲ್ಲ ಸೋಮೇಶ್ವರನ ಗುಡಿಯ ಕೆತ್ತನೆ ನೋಡಲು ಹೋದರು, ಹಾಲು ಉಕ್ಕದಂತೆ ನೋಡಿಕೊಳ್ಳಲು ಶ್ಯಾಣ್ಯಾಕಿ ಒಬ್ಬಳು ಬೇಕಿತ್ತು. ಎಲ್ಲರಿಗೂ ಎಲ್ಲ ಕಡೆಗೂ ಒಬ್ಬ ಶ್ಯಾಣ್ಯಾಕಿ ಬೇಕಾಗಿಯೇ ಇರುತ್ತಾಳೆ. ಡಬರಿಯಲ್ಲಿ ನೀರು ಕುದಿಯತೊಡಗಿತ್ತು; ಈಗ ಅಕ್ಕಿ ಹಾಕಬೇಕು.

ಅವಳು ಅಕ್ಕಿಯ ಬುಟ್ಟಿಯನ್ನು ಎತ್ತಿದಳು. ಎತ್ತಿದ ಬುಟ್ಟಿಯನ್ನು ಹಿಡಿದುಕೊಂಡು ಹಾಗೇ ನಿಂತಳು. ಇದನ್ನು ಹಾಕಿದರೆ ಮುಗಿಯಿತು. ಅನ್ನ ಬೇಯುವವರೆಗೆ ಇಲ್ಲಿರಬೇಕು, ಆಮೇಲೆ ಸಾರು, ಆಮೇಲೆ ಬದನೆಕಾಯಿ, ಆಮೇಲೆ ಬಡಿಸುವುದು, ಆಮೇಲೆ ಪಾತ್ರೆ, ಆಮೇಲೆ ಬಸ್ಸು. ಮುಂದಿನ ಚಳಿಗಾಲಕ್ಕೆ ಮತ್ತೆ ಇದೇ ಹುಣಸೆ ಮರ. ಮುಂದೊಂದು ವರ್ಷ ಮೊಣಕಾಲು ಹಿಡಿದುಕೊಳ್ಳುತ್ತದೆ, ಪುಂಡಲೀಕಪ್ಪ ಬೇರೆಯವಳನ್ನು ನೋಡುತ್ತಾನೆ, ಆಗಲೂ ಓಣಿಯವರು ದೇಶ ನೋಡಿದಾಕಿ ಎಂದೇ ಹೇಳುತ್ತಾರೆ. ಅವಳಿಗೆ ಸಿಟ್ಟು ಬಂತು. ಸುಮಿತ್ರವ್ವನ ಮೇಲಲ್ಲ, ಪುಂಡಲೀಕಪ್ಪನ ಮೇಲೂ ಅಲ್ಲ. ಬೆಲ್ಲದ ಚಿಟಿಕೆಗೆ ನಾಲಿಗೆ ಚಾಚಿಕೊಂಡು ಗಾಡಿಯ ಮೇಲೆ ಕುಳಿತ ಆ ಹುಡುಗಿಯ ಮೇಲೆ. ಇಳಿಯೇ, ಎಂದಳು ಮನಸ್ಸಿನಲ್ಲಿ. ಬುಟ್ಟಿಯನ್ನು ಕೆಳಗಿಟ್ಟಳು. ಬಗ್ಗಿ ಒಲೆಯ ಕಿವಿ ತಿರುವಿದಳು. ಬುಸುಗುಡುತ್ತಿದ್ದ ಉರಿ ಪಕ್ಕನೆ ಆರಿತು.

ಬೆಟಗೇರಿಯಲ್ಲಿ ಮಗ್ಗ ಬಡಿಯುವಾಗ ಮಕ್ಕಳು ಸುಖವಾಗಿ ಮಲಗುತ್ತವೆ, ಮಗ್ಗ ನಿಂತರೆ ಎದ್ದು ಕೂರುತ್ತವೆ. ಮಾಶಾಕನೂ ಹಾಗೆಯೇ ಎದ್ದು ಕುಳಿತ.

‘ಏನಾತು ಅಕ್ಕಾ? ಸಿಲಿಂಡರ್ ಮುಗೀತೇನು?’

‘ಇಲ್ಲ. ನಾನ ಆರಿಸೀನಿ.’

‘ಯಾಕ?’

‘ನೋಡಾಕ ಹೊಂಟೀನಿ.’

‘ಏನು ನೋಡಾಕ?’

‘ಏನೈತಿ ಅದನ್ನ. ಇಷ್ಟ ವರ್ಷ ಆತು ಬರಾಕ ಹತ್ತಿ, ನಾ ಏನೂ ನೋಡಿಲ್ಲ ಮಾಶಾಕ.’

ಹೇಳಿದಳು. ಇಷ್ಟು ದಿನ ಗಂಡನ ಮುಂದೆಯೂ ಹೇಳದಿದ್ದುದನ್ನು ಬಸ್ಸಿನ ನೆರಳಿನಲ್ಲಿ ಕುಳಿತ ಲಕ್ಷ್ಮೇಶ್ವರದ ಡ್ರೈವರನಿಗೆ ಹೇಳಿದಳು, ಮತ್ತು ಆಕಾಶವೇನೂ ಕಳಚಿ ಬೀಳಲಿಲ್ಲ. ಮಾಶಾಕ ಕಣ್ಣುಜ್ಜಿಕೊಂಡು ಅವಳನ್ನು ನೋಡಿದ. ನಗುತ್ತಾನೆಂದು ಅವಳು ಕಾದಳು. ಅವನು ನಗಲಿಲ್ಲ.

‘ನಾನೂ ನೋಡಿಲ್ಲಕ್ಕಾ’ ಎಂದ. ‘ಪ್ರತೀ ಸಲ ಅನ್ಕೋತೀನಿ, ಗುಂಬಜಿಗೆ ಹೋಗಿ ಒಂದು ಫಾತೆಹಾ ಓದಿ ಬರೂಣು ಅಂತ. ಹಾಳ ನಿದ್ದಿ ಬಿಡಂಗಿಲ್ಲ. ಹನ್ನೆರಡ ಆದರ ಮಂದಿ ಬರ್ತಾರ ನೋಡು ಮತ್ತ, ಅಡಗಿ ಎಲ್ಲಿ ಅಂದರ ನಾ ಏನ್ ಹೇಳ್ಲಿ?’

‘ಬುಟ್ಟ್ಯಾಗ ಕಟಕ ರೊಟ್ಟಿ ಅದಾವ. ಶೇಂಗಾ ಹಿಂಡಿ ಐತಿ, ಗಡಿಗ್ಯಾಗ ಮಸರೈತಿ. ಹಸದಾವರು ತಿಂತಾರ.’

‘ಬಿಸಿ ಅನ್ನ ಸಾರು ಅಂತ ಕರಕೊಂಡ ಬಂದಾನ ಪುಂಡಲೀಕಪ್ಪ. ಸುಮ್ಮನ ಬಿಡಂಗಿಲ್ಲ ನಿನ್ನ. ಕೆಲಸ ಹೋಕ್ಕೈತಿ.’

‘ಹೋಗಲಿ’ ಎಂದಳು ಹುಚ್ಚವ್ವ. ಆ ಮಾತು ಎಷ್ಟು ಹಗುರಾಗಿ ಬಂತೆಂದರೆ ಅವಳಿಗೇ ಅನುಮಾನವಾಗಿ ಮತ್ತೊಮ್ಮೆ ‘ಹೋದರ ಹೋಗವೊಲ್ದ್ಯಾಕ’ ಎಂದಳು. ಮಾಶಾಕ ಸ್ವಲ್ಪ ಹೊತ್ತು ತನ್ನ ಚಾಪೆಯನ್ನು ನೋಡಿದ, ದಾರಿಯನ್ನು ನೋಡಿದ, ಕೊನೆಗೆ ಚಾಪೆಯೇ ಗೆದ್ದಿತು. ‘ನನ್ನ ಪರವಾಗಿ ಒಂದು ಸಲಾಮ್ ಹೇಳಿ ಬಾ ಅಕ್ಕಾ’ ಎಂದು ಮಗ್ಗುಲಾದ.

ಗುಂಬಜಿನ ದಾರಿ ಕೇಳಿದರೆ ನೆಟ್ಟಗೆ ಹೋಗಮ್ಮ ಎಂದರು. ನೆಟ್ಟಗೆ ಹೋದಳು. ಎರಡೂ ಕಡೆ ಕಬ್ಬು, ತೆಂಗು. ಎಳನೀರಿನವರು, ಟೊಪ್ಪಿಗೆ ಮಾರುವವರು. ಬರಿಗೈಯಲ್ಲಿ ನಡೆಯುವುದು ಅವಳಿಗೆ ಅಭ್ಯಾಸವಿರಲಿಲ್ಲ, ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಸೆರಗಿನ ತುದಿಯನ್ನು ಹಿಡಿದುಕೊಂಡಳು. ನಾಲ್ಕು ಹೆಜ್ಜೆಗೊಮ್ಮೆ ಒಲೆ ನೆನಪಾಗುತ್ತಿತ್ತು. ಆರಿಸಿದೆನೋ ಇಲ್ಲವೋ? ಆರಿಸಿದೆ. ಅಕ್ಕಿಯ ಮೇಲೆ ತಟ್ಟೆ ಮುಚ್ಚಿದೆನೋ? ಮಂಗ ಬಂದರೆ? ಎಲ್ಲಿಯೋ ಒಂದು ಹೋಟೆಲಿನಲ್ಲಿ ಕುಕ್ಕರು ಸೀಟಿ ಹೊಡೆಯಿತು, ಅವಳ ಕಾಲು ತಾನಾಗಿ ನಿಂತಿತು. ಹಿಂದೆ ಒಮ್ಮೆ ಎಲ್ಲೋ ಒಂದು ಟ್ರಿಪ್ಪಿನಲ್ಲಿ ಅನ್ನ ತಳ ಹಿಡಿದು, ಹೊಗೆ ವಾಸನೆಯ ಅನ್ನವನ್ನು ಬಡಿಸುವಾಗ ಕೋಟುಮಚಗಿಯ ಒಬ್ಬ ಗೌಡರು ತಟ್ಟೆಯನ್ನು ಅವಳ ಕಡೆಗೆ ತಳ್ಳಿ, ಏನೂ ಅನ್ನದೆ ಎದ್ದು ಹೋಗಿದ್ದರು. ಬೈದಿದ್ದರೆ ಮರೆಯುತ್ತಿದ್ದಳು. ತಳ್ಳಿದ ತಟ್ಟೆ ನೆಲದ ಮೇಲೆ ಸರಿದ ಸಪ್ಪಳ ಇನ್ನೂ ಕಿವಿಯಲ್ಲಿದೆ. ಇವತ್ತು ಇಪ್ಪತ್ತು ಜನ ತಟ್ಟೆ ತಳ್ಳುತ್ತಾರೆ. ತಳ್ಳಲು ತಟ್ಟೆಯಲ್ಲಿ ಏನಾದರೂ ಇರಬೇಕಲ್ಲ ಎಂದುಕೊಂಡಾಗ ಅವಳಿಗೆ ನಗು ಬಂತು. ನಡುರಸ್ತೆಯಲ್ಲಿ ಒಬ್ಬಳೇ ನಗುತ್ತ ಹೋಗುವ ಹೆಂಗಸನ್ನು ಸೈಕಲ್ಲಿನವನೊಬ್ಬ ಹೊರಳಿ ನೋಡಿಕೊಂಡು ಹೋದ.

ಗುಂಬಜಿನ ತೋಟದ ಬಾಗಿಲು ದಾಟಿ ಎರಡು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, ಹೂವಿನ ಪಾತಿಯ ಬಳಿ ತನ್ನ ಬಸ್ಸಿನವರೆಲ್ಲ ಫೋಟೋಕ್ಕೆಂದು ಸಾಲಾಗಿ ನಿಂತಿದ್ದು ಕಂಡಿತು. ಎದುರಿಗೆ ಪುಂಡಲೀಕಪ್ಪ ಬಗ್ಗಿ ಫೋನು ಹಿಡಿದಿದ್ದ. ಮೊದಲು ನೋಡಿದವಳು ಸುಮಿತ್ರವ್ವ. ಅವಳ ಮುಖದ ನಗು ಮಾಯವಾದದ್ದನ್ನು ಕಂಡು ಉಳಿದವರು ನೋಡಿದರು. ಪುಂಡಲೀಕಪ್ಪ ತಿರುಗಿದವನು ಓಡಿಯೇ ಬಂದ.

‘ಏನಾತಬೇ? ಬಸ್ಸಿಗೇನರ ಆತೇನು? ಮಾಶಾಕ ಅದಾನಿಲ್ಲೋ?’

‘ಬಸ್ಸು ಐತಿ. ಮಾಶಾಕ ಮಕ್ಕೊಂಡಾನ.’

‘ಮತ್ತ? ಎಣ್ಣಿ ಸಾಲಲಿಲ್ಲೇನು? ಫೋನ್ ಹಚ್ಚಿದ್ದರ ಬರ್ತಾ ತರ್ತಿದ್ದಿಲ್ಲೇನು ನಾನು?’

ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ನಿಜವಾದ ಗಾಬರಿಯಿತ್ತು. ಅದೇ ಹುಚ್ಚವ್ವನನ್ನು ಹೆಚ್ಚು ಚುಚ್ಚಿತು. ಬಸ್ಸು ಕೆಡಬೇಕು, ಎಣ್ಣೆ ಮುಗಿಯಬೇಕು, ಯಾರಾದರೂ ಸಾಯಬೇಕು. ಅವಳು ಇಲ್ಲಿಗೆ ಬರಲು ನಾಲ್ಕನೆಯ ಕಾರಣವೇ ಅವನಿಗೆ ಹೊಳೆಯಲಿಲ್ಲ.

‘ಗುಂಬಜ್ ನೋಡಾಕ ಬಂದೀನಿ’ ಎಂದಳು.

‘ಗುಂಬಜ್ ನೋಡಾಕ?’ ಪುಂಡಲೀಕಪ್ಪ ಹಿಂದಿದ್ದವರನ್ನು ಸಾಕ್ಷಿಗೆಂಬಂತೆ ನೋಡಿದ. ‘ನೀ ನೋಡಿಲ್ಲೇನು?’

‘ನೀವು ಯಾವಾಗ ತೋರಸೀರಿ?’

ಪುಂಡಲೀಕಪ್ಪ ಕೆಟ್ಟವನಲ್ಲ; ಸಂಬಳ ಸರಿಯಾಗಿ ಕೊಡುತ್ತಾನೆ, ದೀಪಾವಳಿಗೆ ಸೀರೆ ಕೊಡುತ್ತಾನೆ. ಈಗಲೂ ಲೆಕ್ಕ ಹಾಕುವವನ ಹಾಗೆ ಹಣೆ ಕೆರೆದುಕೊಂಡ. ವರ್ಷ ವರ್ಷವೂ ಅವನೇ ಮುಂದೆ ನಿಂತು ಕರೆದುಕೊಂಡು ಹೋದವರ ಮುಖಗಳಲ್ಲಿ ಇವಳ ಮುಖ ಹುಡುಕುತ್ತಿದ್ದನೇನೋ. ಸಿಕ್ಕಿರಲಿಕ್ಕಿಲ್ಲ. ಸುಮಿತ್ರವ್ವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ‘ಅದೆಲ್ಲ ಇರಲಿ, ಅಡಗಿ ಆಗೈತಿಲ್ಲೋ?’ ಎಂದಳು. ಹುಚ್ಚವ್ವ, ‘ಇಲ್ಲ, ಇನ್ನೂ ಹಚ್ಚಿಲ್ಲ’ ಎಂದಳು.

‘ಹಚ್ಚಿಲ್ಲ? ನಾ ಸಕ್ಕರಿ ಬ್ಯಾನಿ ಮನಿಷಾ, ಹೊತ್ತಿಗೆ ಊಟ ಆಗಬೇಕು ನನಗ. ಮುಂಜಾನೆ ನೀನ ಅಂದೆಲ್ಲಾ, ನೋಡಿ ನೋಡಿ ಸಾಕಾಗೈತಿ ಅಂತ?’

‘ಅಂದಿದ್ದೆ. ಸುಳ್ಳ ಹೇಳಿದ್ದೆ.’

ಪುಂಡಲೀಕಪ್ಪ ಅವಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. ನೋಡಬೇ, ಎಂದ, ಮುಂದಿನ ಸಲ ನಾನೇ ಖುದ್ದಾಗಿ ಕರೆದುಕೊಂಡು ಬಂದು ತೋರಿಸುತ್ತೇನೆ, ನನ್ನ ಮಾತು. ಈಗ ಆಟೋ ಹತ್ತು. ನೀನು ಶ್ಯಾಣ್ಯಾಕಿ ಇದ್ದೀಯ, ನಿನಗೆ ನಾನು ತಿಳಿಸಿ ಹೇಳಬೇಕೇ. ಆ ಮಾತು ಬಂದ ಕೂಡಲೇ ಹುಚ್ಚವ್ವನ ನೆತ್ತಿಯ ಮೇಲೆ ಒಂದು ಕೈ ಬಿದ್ದಂತಾಯಿತು. ಶಿರಹಟ್ಟಿಯ ಬಿಸಿಲು, ಬುತ್ತಿ ಗಂಟಿನ ಬಟ್ಟೆಯ ವಾಸನೆ, ನೊಗದ ಕೆಳಗೆ ಮೆಲುಕು ಹಾಕುವ ಎತ್ತು. ಅವಳು ತಲೆಯನ್ನು ಒಮ್ಮೆ ಕೊಡವಿದಳು, ನೊಣ ಕೂತಿದ್ದಕ್ಕೆ ಎತ್ತು ಕೊಡವುವ ಹಾಗೆ.

‘ನಾ ಶ್ಯಾಣ್ಯಾಕಿ ಅಲ್ಲರಿ’ ಎಂದಳು. ‘ಇವತ್ತಿನ ಮಟ್ಟಿಗೆ ಅಲ್ಲ.’

‘ಹಂಗಾರ ಮುಂದಿನ ಟ್ರಿಪ್ಪಿಗೆ ನಾ ಬ್ಯಾರೆದವರನ್ನ ಕರಕೊಳ್ಳಬೇಕಾಗ್ತೈತಿ. ಆಮ್ಯಾಲೆ ಮನಿ ಬಾಗಲಿಗೆ ಬಂದು ಅಳಬ್ಯಾಡ.’

‘ಕರಕೊಳ್ರಿ. ಆಕಿಗೆ ಮೊದಲ ದಿನಾನ ತೋರಿಸಿ ಬಿಡ್ರಿ ಮತ್ತ.’

ಹೇಳಿ ಅವಳು ಗುಂಬಜಿನ ಕಡೆ ಹೊರಟಳು. ಬೆನ್ನ ಮೇಲೆ ಇಪ್ಪತ್ತು ಜನರ ಕಣ್ಣು. ಇಷ್ಟು ಕಣ್ಣು ಒಮ್ಮೆಲೇ ಬಿದ್ದದ್ದು ಅವಳ ಮೇಲೆ ಇದೇ ಮೊದಲು. ಅವ್ವ ಇಟ್ಟ ಹೆಸರು ಇವತ್ತು ಸೋತಿತು. ಅವಸರ ಮಾಡಿದಂತೆ ಅವರಿಗೆ ಕಾಣಬಾರದೆಂದು ಮೆಲ್ಲಗೆ ನಡೆದಳು. ಹಿಂದೆ ಪುಂಡಲೀಕಪ್ಪ, ‘ಊರಿಗೆ ಬಂದಾಕಿ ನೀರಿಗೆ ಬರಲಾರದ ಎಲ್ಲಿ ಹೋಗ್ತಾಳ, ಹತ್ತು ನಿಮಿಷದಾಗ ತಾನ ಒಲಿ ಮುಂದ ಕುಂತಿರ್ತಾಳ, ನೀವು ನಡೀರಿ, ಅರಮನಿ ನೋಡೂಣು’ ಎನ್ನುತ್ತಿದ್ದುದು ಕೇಳಿಸಿತು. ಅವರ ಆಟೋಗಳು ಹೊರಟ ಸದ್ದೂ ಕೇಳಿಸಿತು. ಅವಳು ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದಳು.

ಕರಿಗಲ್ಲಿನ ಕಂಬಗಳು ನುಣ್ಣಗೆ ತಣ್ಣಗಿದ್ದವು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಒಂದಕ್ಕೆ ಕೆನ್ನೆ ಹಚ್ಚಿದಳು. ಬಾಗಿಲ ಕರಿ ಮರದಲ್ಲಿ ಬಿಳಿ ಹೂಬಳ್ಳಿ ಕೂಡಿಸಿದ್ದರು. ಬೆರಳಾಡಿಸಿದರೆ ಎಲ್ಲಿ ಮರ ಮುಗಿಯಿತು, ಎಲ್ಲಿ ಹೂವು ಶುರುವಾಯಿತು ಎಂಬುದು ತಿಳಿಯಲಿಲ್ಲ. ದೇವಪ್ಪನಿದ್ದಿದ್ದರೆ ಸೀರೆಯ ದಡಿಯನ್ನು ನೋಡುವ ಹಾಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಒಳಗೆ ಅರೆಗತ್ತಲೆ, ಅತ್ತರಿನ ವಾಸನೆ. ತಾಯಿ, ತಂದೆ, ಮಗ ಮೂವರೂ ಒಂದೇ ಸಾಲಿನಲ್ಲಿ ಬಣ್ಣದ ಬಟ್ಟೆ ಹೊದ್ದು ಮಲಗಿದ್ದಾರೆ. ಇಷ್ಟು ವರ್ಷ ಬಸ್ಸಿನಲ್ಲಿ ಅಪ್ಪನ ಮಾತು ಕೇಳಿದ್ದಳು, ಮಗನ ಮಾತಂತೂ ಜಗಳವಾಗುವಷ್ಟು ಕೇಳಿದ್ದಳು. ತಾಯಿಯೂ ಇಲ್ಲಿದ್ದಾಳೆಂದು ಒಬ್ಬರೂ ಹೇಳಿರಲಿಲ್ಲ. ನಿನ್ನನ್ನೂ ಇವರು ನೋಡಲಿಲ್ಲವೇನವ್ವಾ ಎಂದು ಮನಸ್ಸಿನಲ್ಲೇ ಕೇಳಿದಳು. ಶಿರಹಟ್ಟಿ ಸೀಮೆಯವಳಿಗೆ ಯಾವ ಗದ್ದುಗೆಯ ಮುಂದೆ ಹೇಗೆ ಕೈಮುಗಿಯಬೇಕೆಂಬ ಸಂಕೋಚವಿಲ್ಲ. ಬಗ್ಗಿ ನೆಲ ಮುಟ್ಟಿ, ಮಾಶಾಕನ ಸಲಾಮು ಒಪ್ಪಿಸಿದಳು. ಆಮೇಲೆ ಗೋಡೆಯನ್ನು ನೋಡಿದಳು. ಹುಲಿಯ ಪಟ್ಟೆ ಇತ್ತು. ಮೇಲೆ ನೋಡಿದಳು. ಗುಂಬಜು ಇತ್ತು. ಆಕಾಶಕ್ಕೇನೂ ತಾಗಿರಲಿಲ್ಲ.

ಇಷ್ಟೇನಾ? ಹಿಂದಿನ ಸೀಟಿನಲ್ಲಿ ವರ್ಷಗಟ್ಟಲೆ ಕಟ್ಟಿ ನಿಲ್ಲಿಸಿದ್ದ ಗುಂಬಜು ಇದರ ಎರಡರಷ್ಟಿತ್ತು. ಅಲ್ಲಿಯ ಹುಲಿಪಟ್ಟೆ ಉರಿಯುತ್ತಿತ್ತು. ಇಲ್ಲಿ ಬಣ್ಣ ಮಾಸಿದೆ, ಮೂಲೆಯಲ್ಲಿ ಪಾರಿವಾಳದ ಹಿಕ್ಕೆ ಬಿದ್ದಿದೆ. ಇದಕ್ಕಾಗಿ ಕೆಲಸ ಕಳೆದುಕೊಂಡೆನೇ ಎಂದು ಅತ್ತುಬಿಡಬೇಕೆನ್ನಿಸಿತು. ಕಂಬಕ್ಕೆ ಒರಗಿ ಕುಳಿತಳು, ಕುಳಿತು ‘ಇಷ್ಟೇ’ ಎಂದು ಬಾಯಿಬಿಟ್ಟು ಹೇಳಿದಳು. ‘ಇಷ್ಟೇ ಐತಿ.’ ಕೇಳಲು ಚೆನ್ನಾಗಿತ್ತು. ಮತ್ತೊಮ್ಮೆ ಹೇಳಿದಳು. ಬಸ್ಸಿನಲ್ಲಿ ಎಲ್ಲರೂ ಆಡುತ್ತಿದ್ದ ಮಾತು ಇದೇ ಅಲ್ಲವೇ: ಅಷ್ಟೇನಿಲ್ಲ ಬಿಡು, ನಾ ಎಷ್ಟೋ ಅನ್ಕೊಂಡಿದ್ದೆ. ಆ ಮಾತನ್ನು ಅವಳು ಎಂದೂ ಆಡುವ ಹಾಗಿರಲಿಲ್ಲ. ನೋಡದವಳು ಯಾವ ಬಾಯಿಂದ ಇಷ್ಟೇ ಅಂದಾಳು? ಈಗ ಅನ್ನಬಹುದು. ಓಣಿಯ ಹೆಂಗಸರ ಮುಂದೆ, ದೇವಪ್ಪನ ಚಹಾದಂಗಡಿಯ ಮುಂದೆ ನಿಂತು ಹೇಳಬಹುದು. ಅಷ್ಟ ದೊಡ್ಡದಿಲ್ಲರೇ, ಆದರ ಕಂಬ ಭಾಳ ತಣ್ಣಗದಾವ, ತಾಯಿ ಒಬ್ಬಾಕಿ ಅದಾಳ ಅಲ್ಲಿ. ಹಿಂದಿನ ಸೀಟಿನ ದೊಡ್ಡ ಗುಂಬಜು ಎಲ್ಲರದಾಗಿತ್ತು, ಈ ಸಣ್ಣದು ಅವಳೊಬ್ಬಳದು. ಉಳಿದದ್ದಿದೆ, ಮಲಗಿದ ದೇವರು, ಗೋಡೆಯ ಮೇಲಿನ ಕುದುರೆಗಳು; ಅವನ್ನು ದೇವಪ್ಪನನ್ನು ಮಗ್ಗದ ಕುಣಿಯಿಂದ ಎಬ್ಬಿಸಿಕೊಂಡು ಗದಗಿನಲ್ಲಿ ರೈಲು ಹತ್ತಿ ಬಂದು ನೋಡಿದರಾಯಿತು. ಅವಳು ಎದ್ದು ಸೀರೆಯ ಧೂಳು ಕೊಡವಿಕೊಂಡಳು.

ಸಂಗಮಕ್ಕೆ ಹಿಂತಿರುಗುವಾಗ ಹೊತ್ತು ನೆತ್ತಿಗೇರಿತ್ತು. ಹುಣಸೆ ಮರ ದೂರದಲ್ಲಿ ಕಂಡಿತು. ಬಸ್ಸಿನ ಹತ್ತಿರ ಇನ್ನೂ ಯಾರೂ ಬಂದಿರಲಿಲ್ಲ. ಈಗ ಹೋಗಿ ಒಲೆ ಹಚ್ಚಿದರೆ ಅವರು ಬರುವಷ್ಟರಲ್ಲಿ ಅನ್ನವಾದರೂ ಆಗುತ್ತದೆ, ಬೈದು ಉಂಡು ಮರೆಯುತ್ತಾರೆ, ಕೆಲಸವೂ ಉಳಿಯುತ್ತದೆ. ಎರಡು ದಾರಿ ಕೂಡುವಲ್ಲಿ ಅವಳು ನಿಂತಳು. ಒಂದು ಮರದ ಕಡೆಗೆ, ಇನ್ನೊಂದು ನೀರಿನ ಕಡೆಗೆ. ನೀರಿನ ಅಂಚಿನಲ್ಲಿ ಹರಿಗೋಲುಗಳನ್ನು ಬುಟ್ಟಿಗಳ ಹಾಗೆ ಬೋರಲು ಹಾಕಿದ್ದರು. ವರ್ಷ ವರ್ಷವೂ ಬೇಳೆ ತೊಳೆಯುತ್ತ ದೂರದಿಂದ ನೋಡಿದ್ದಳು, ಅವುಗಳಲ್ಲಿ ಕುಳಿತವರ ಕೂಗು ಕೇಳಿದ್ದಳು. ಕಾಲು ಯಾರನ್ನೂ ಕೇಳದೆ ನೀರಿನ ಕಡೆ ನಡೆಯಿತು.

ಹರಿಗೋಲಿನವನು ಬೀಡಿ ಆರಿಸಿ ಅವಳ ಹಿಂದೆ ಮುಂದೆ ನೋಡಿದ. ‘ಒಬ್ರೇನಾ ಅಮ್ಮ? ಒಬ್ರಿಗೆ ಬುಡಕ್ಕಾಗಕಿಲ್ಲ, ಇನ್ನೊಂದ್ ನಾಕ್ ಜನ ಬರ್ಲಿ ತಡೀರಿ.’

‘ನಾಕ ಮಂದೀದೂ ನಾನ ಕೊಡ್ತೀನಿ, ಬಿಡಪಾ’ ಎಂದಳು ಹುಚ್ಚವ್ವ, ನಡುವಿನ ಸಂಚಿಗೆ ಕೈಹಾಕುತ್ತ. ಅವನು ಅವಳ ಮಾತಿನ ರಾಗಕ್ಕೆ ನಕ್ಕು, ‘ಯಾವ ಕಡೆಯೋರು?’ ಎಂದ. ಬೆಟಗೇರಿ ಎಂದಳು. ಅವನು ಆ ಊರು ಕೇಳಿರಲಿಲ್ಲ, ಅವಳಿಗೆ ಅದೇ ಸಮಾಧಾನವೆನ್ನಿಸಿತು. ‘ಮಧ್ಯಕ್ಕೆ ಕೂತ್ಕಳಿ, ಅಳ್ಳಾಡ್ಬ್ಯಾಡಿ’ ಎಂದು ನೂಕಿದ.

ನೆಲ ಬಿಟ್ಟಿತು. ಕಾಲ ಕೆಳಗೆ ಬರೀ ಬಿದಿರಿನ ಹೆಣಿಗೆ, ಅದರ ಕೆಳಗೆ ಸರಿದು ಹೋಗುವ ನೀರು ಅಂಗಾಲಿಗೆ ತಿಳಿಯುತ್ತಿತ್ತು. ಮೊದಲು ಕಣ್ಣು ಮುಚ್ಚಿಕೊಂಡಳು, ಆಮೇಲೆ ಇದೊಳ್ಳೆ ಕತೆಯಾಯಿತು, ನೋಡಲೆಂದೇ ಬಂದವಳು ಕಣ್ಣು ಮುಚ್ಚುವುದೇ ಎಂದು ತೆರೆದಳು. ಎಡದಿಂದ ಒಂದು ನೀರು ಹಸಿರಾಗಿ ಬಂತು, ಬಲದಿಂದ ಇನ್ನೊಂದು ಕಂದಾಗಿ ಬಂತು, ಕೂಡುವಲ್ಲಿ ಸ್ವಲ್ಪ ಹೊತ್ತು ಜಗಳವಾಡಿ ಸುಮ್ಮನಾದವು. ಬಂಡೆಯ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ಹರಿಗೋಲಿನವನು ಹುಟ್ಟು ಹಾಕಿ ಒಮ್ಮೆ ಗಿರ್ರನೆ ತಿರುಗಿಸಿದ. ತೆಂಗು, ಕಬ್ಬು, ಮೆಟ್ಟಿಲು, ಆಕಾಶ ಎಲ್ಲ ಒಂದರ ಹಿಂದೆ ಒಂದು ಓಡಿ ಬಂದವು. ಆ ಸಾಲಿನಲ್ಲಿ ಒಂದು ಹುಣಸೆ ಮರವೂ ಬಂತು. ಅವಳು ಅದನ್ನು ಗುರುತು ಹಿಡಿಯುವಷ್ಟರಲ್ಲಿ ಅದು ದಾಟಿ ಹೋಯಿತು. ತಿರುಗುವುದು ನಿಂತ ಮೇಲೆ ಹುಡುಕಿ ನೋಡಿದಳು. ಹೌದು, ಅದೇ ಮರ, ಅದೇ ಗೋಡೆ, ಅಂಗೈಯಷ್ಟು ಬಸ್ಸು. ಅದರ ಮುಂದೆ ಉಗುರಿನಷ್ಟು ಒಂದು ಒಲೆ. ಇಷ್ಟು ವರ್ಷ ಅವಳು ಕುಳಿತಿದ್ದ ಜಾಗ. ಅಲ್ಲಿ ಈಗ ಅವಳಿರಲಿಲ್ಲ.

ಅಲ್ಲಿ ಅವರಿದ್ದರು. ಆಟೋಗಳಿಂದ ಇಳಿದವರು ಒಲೆಯ ಸುತ್ತ ನಿಂತಿದ್ದರು, ಕೆಲವರ ಕೈಯಲ್ಲಿ ಖಾಲಿ ತಟ್ಟೆ. ಮಾಶಾಕ ಎದ್ದು ನದಿಯ ಕಡೆ ಬೆರಳು ಮಾಡಿ ತೋರಿಸುತ್ತಿದ್ದ. ಎಲ್ಲರೂ ದಂಡೆಗೆ ಬಂದು ಸಾಲಾಗಿ ನಿಂತರು, ಬೆಳಿಗ್ಗೆ ಫೋಟೋಕ್ಕೆ ನಿಂತ ಹಾಗೆಯೇ. ಪುಂಡಲೀಕಪ್ಪ ಎರಡೂ ಕೈ ಎತ್ತಿ ಕೂಗಿದ. ಗಾಳಿ ಅದನ್ನು ಅರ್ಧಕ್ಕೇ ಒಯ್ದಿತು. ಹರಿಗೋಲು ಹತ್ತಿರ ಸರಿದಾಗ ಮಾತು ಕೇಳಿಸಿತು. ಬೈಗುಳ ಮೊದಲು ಬಂತು, ಆಮೇಲೆ ಬೈಗುಳ ಕರಗಿ ಬೇಡಿಕೆಯಾಯಿತು. ಯಾರೋ ಒಲೆ ಹಚ್ಚಿದ್ದರು. ಸುಮಿತ್ರವ್ವ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕೈಯಲ್ಲಿ ತಂಬಿಗೆ ಹಿಡಿದು ನೀರಿನ ಅಂಚಿಗೇ ಬಂದಿದ್ದಳು.

‘ಹುಚ್ಚವ್ವಾ, ಇಷ್ಟು ಅಕ್ಕಿಗೆ ನೀರೆಷ್ಟು ಹಾಕಬೇಕು? ಅಷ್ಟರ ಹೇಳವಾ.’

ಉತ್ತರ ತಾನಾಗಿಯೇ ಎದ್ದು ನಾಲಿಗೆಯ ತುದಿಗೆ ಬಂತು. ಇಲ್ಲಿಯ ನೀರಿಗೆ ಒಂದು ತಂಬಿಗೆ ಕಡಿಮೆಯೇ ಸಾಕು, ಕುದಿ ಬಂದ ಮೇಲೆ ಉರಿ ಇಳಿಸಬೇಕು. ಗಾಡಿಯ ಮೇಲಿನ ಹುಡುಗಿ ಬೆಲ್ಲಕ್ಕೆ ಕೈಚಾಚಿದಳು. ಸುಮಿತ್ರವ್ವನ ಹಿಂದೆ ಸುಶ್ಮಿತಾ ನಿಂತಿದ್ದಳು. ಅವಳು ತಂಬಿಗೆಯನ್ನೂ ನೋಡುತ್ತಿರಲಿಲ್ಲ, ಒಲೆಯನ್ನೂ ನೋಡುತ್ತಿರಲಿಲ್ಲ. ಹರಿಗೋಲನ್ನು ನೋಡುತ್ತ, ಬೆಳಗಿನ ಹಾಗೆಯೇ ಕೈಬೀಸಿದಳು. ಈ ಸಲ ಹುಚ್ಚವ್ವನ ಕೈಯಲ್ಲಿ ಸೌಟಿರಲಿಲ್ಲ. ಬರಿಗೈಯನ್ನು ತಲೆಯ ಮೇಲೆ ಎತ್ತಿ ಬೀಸಿದಳು. ನೀರಿನ ಲೆಕ್ಕವನ್ನು ನುಂಗಿಕೊಂಡಳು. ಬೆಳಗಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತೂ ಅದರ ಸಂಗಡ ಇಳಿದುಹೋಯಿತು.

‘ಕರೀತಾವ್ರೆ ಕಣಮ್ಮ’ ಎಂದ ಹರಿಗೋಲಿನವನು. ‘ದಂಡೆಗೆ ಬುಡ್ಲಾ?’

‘ಬ್ಯಾಡ’ ಎಂದಳು ಹುಚ್ಚವ್ವ. ‘ಇನ್ನೊಂದು ಸುತ್ತು ಹೊಡಿ.’